ನೆಮತ್ ಸಾರೋಟು ಹತ್ತಿದ ಶುಕ್ರವಾರ

ಅಲೆಕ್ಸಾಂಡ್ರಿಯಾದ ನೀಲಿ ಟ್ರಾಮಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದು ನಿವೃತ್ತಳಾದ ನೆಮತ್‌ಗೆ ಆ ಊರಿನ ಯಾವ ಕಾಫಿ ಅಂಗಡಿಯಲ್ಲೂ ಗುಟ್ಟಾಗಿ ಕೂರುವ ಭಾಗ್ಯವಿರಲಿಲ್ಲ. ರಮ್ಲ್ ಸ್ಟೇಷನ್ನಿನಿಂದ ವಿಕ್ಟೋರಿಯಾದವರೆಗೆ ಎಲ್ಲಿಗೇ ಹೋಗಲಿ, ಒಬ್ಬನಾದರೂ ಮಾಣಿ "ಅಕ್ಕಾ, ಚೆನ್ನಾಗಿದೀರಾ? ಕಾಣೋದೇ ಇಲ್ವಲ್ಲ" ಎಂದು ಓಡಿ ಬರುತ್ತಿದ್ದ. ಮನೆಯಲ್ಲೂ ಆಗುವಂತಿರಲಿಲ್ಲ. ಮಗ ವಾಇಲ್ ಕೆಳಗಿನ ಬೀದಿಯಲ್ಲೇ ಇದ್ದ. ತಾಯಿಗೆ ಗಂಡು ಬಂದಿರುವ ಸುದ್ದಿ ಕೇಳಿದಾಗಿನಿಂದ ಮುಖ ಗಂಟು ಹಾಕಿಕೊಂಡಿದ್ದ.

ಸುದ್ದಿ ತಂದವಳು ಅವಳ ಸತ್ತ ಗಂಡನ ಅಕ್ಕ, ಇನ್ಶಿರಾಹ್. ಅರವತ್ತೈದರ ಆ ಹೆಂಗಸು ಹಜ್ ಮುಗಿಸಿ ಬಂದು ಹತ್ತು ವರ್ಷವಾಗಿತ್ತು. ನಾಲಿಗೆ ಮಾತ್ರ ಎಂದೂ ಎಲ್ಲಿಗೂ ಹೋಗಿ ಶಾಂತವಾಗಿ ಬಂದದ್ದಲ್ಲ.

"ಹಾಗಾದ್ರೆ ಗಾಡೀಲಿ ಕೂತು ಮಾತಾಡಿ" ಎಂದಳು ಅವಳು. "ನಮ್ಮ ಹಮೂದಾನ ಕುದುರೆ ಸಾರೋಟಿದೆ. ಒಂದು ಗಂಟೆ ಊರು ಸುತ್ತಿಸ್ತಾನೆ. ಆ ಮನುಷ್ಯ ದಮ್ಯಾತ್‌ನಿಂದ ಮಗಳ ಮನೆಗೆ ಬಂದು ಆರು ತಿಂಗಳಾಯ್ತಂತೆ, ಸಮುದ್ರ ಯಾವ ಕಡೆ ಇದೆ ಅಂತ್ಲೂ ಗೊತ್ತಿಲ್ವಂತೆ. ಕೇಳಿದೋರಿಗೆ ಊರು ತೋರಿಸ್ತಾ ಇದೀವಿ ಅಂದ್ರಾಯ್ತು."

"ಅಕ್ಕಾ, ಸಾರೋಟು ಹತ್ತೋದು ನಿಶ್ಚಯ ಆದ ಹುಡುಗ ಹುಡುಗೀರು. ಐವತ್ತೇಳು ವರ್ಷಕ್ಕೆ ನಾನು ಹತ್ತಿದ್ರೆ ಜನ ನಗ್ತಾರೆ."

"ನಗ್ಲಿ ಬಿಡು. ಹನ್ನೊಂದು ವರ್ಷದಿಂದ ನನ್ನ ತಮ್ಮನ ಫೋಟೋ ಒರೆಸ್ತಾ ಇದೀಯ, ಗಾಜು ಸವೆದುಹೋಯ್ತು ಕಣೇ. ಹಿಡಿಸ್ಲಿಲ್ವಾ, ಇಳಿದು ಟ್ರಾಮ್ ಹತ್ತಿ ಮನೆಗೆ ಹೋಗು. ನಿನ್ನನ್ನೇನು ಸಂದೂಕದಲ್ಲಿ ಹಾಕಿ ಕಳಿಸ್ತಾರಾ?"

ಫೆಬ್ರವರಿ ಕೊನೆಯ ಶುಕ್ರವಾರ ಅದು. ಎರಡು ದಿನ ಊರನ್ನು ಹಿಡಿದು ಅಲ್ಲಾಡಿಸಿದ ಬಿರುಗಾಳಿ ತಣ್ಣಗಾಗಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿದು, ಒದ್ದೆ ರಸ್ತೆಯ ಮೇಲೆ ಬಿಸಿಲು ತೆಳ್ಳಗೆ ಬಿದ್ದಿತ್ತು. ರಮ್ಲ್ ಸ್ಟೇಷನ್ನಿನ ಎದುರು ಜಗ್ಲೂಲ್ ಪ್ರತಿಮೆಯ ಕೆಳಗೆ ಒಬ್ಬ ಎತ್ತರದ ಮನುಷ್ಯ ಹೊಸ ಕೋಟು ತೊಟ್ಟು, ಎದೆಗೊಂದು ಡಬ್ಬಿ ಅವುಚಿಕೊಂಡು ನಿಂತಿದ್ದ. ಬೆನ್ನು ಸ್ವಲ್ಪ ಬಾಗಿತ್ತು, ಮೀಸೆ ಪೂರ್ತಿ ಬೆಳ್ಳಗೆ. ನಿಂತ ರೀತಿ ನೋಡಿದರೆ ಬಂದು ಅರ್ಧ ಗಂಟೆಯಾದರೂ ಆಗಿರಬೇಕು.

"ಇವರೇ ಮರಗೆಲಸದ ಮಿತ್ವಲ್ಲಿ ಮೇಸ್ತ್ರಿಗಳು" ಎಂದಳು ಇನ್ಶಿರಾಹ್. "ಮರಕ್ಕೆ ಹೂ ಬಿಡಿಸೋದ್ರಲ್ಲಿ ದಮ್ಯಾತ್‌ನಲ್ಲಿ ಇವರ ಸಮ ಇಲ್ಲ. ಇವಳು ನೆಮತ್. ಹತ್ತಿ, ಹತ್ತಿ. ನಾನು ಮುಂದೆ ಹಮೂದಾನ ಪಕ್ಕ ಕೂರ್ತೀನಿ. ನಂಗೆ ಕಿವಿ ಅಷ್ಟು ಕೇಳಿಸಲ್ಲ, ಆರಾಮಾಗಿ ಮಾತಾಡ್ಕೊಳ್ಳಿ."

ಅವಳ ಕಿವಿ ಮೂರನೇ ಮನೆಯಲ್ಲಿ ಹಾಲುಕ್ಕಿದರೆ ಕೇಳುವಂಥದು. ನೆಮತ್ ಹತ್ತಿ ಕೂತಳು. ಮೇಸ್ತ್ರಿ ಆ ತುದಿಗೆ ಕೂತ. ಡಬ್ಬಿಯನ್ನು ಇಬ್ಬರ ನಡುವೆ ಗಡಿಕಲ್ಲಿನಂತೆ ಇಟ್ಟ.

"ಎಲ್ಲಿಯವ್ರಂದ್ರಿ? ದಮ್ಯಾತಾ?" ಹಮೂದಾ ಲಗಾಮು ಎತ್ತಿಕೊಳ್ಳುತ್ತ ತಿರುಗಿ ನೋಡಿದ. "ಹಂಗಾದ್ರೆ ಬಾಡಿಗೆ ಈಗ್ಲೇ ಮಾತಾಡ್ಬಿಡೋಣ, ಹಾಜಮ್ಮ. ಆಮೇಲೆ ಜಗಳ ಬೇಡ."

ಇನ್ಶಿರಾಹ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಆದರೆ ಮೇಸ್ತ್ರಿ ಬೇಸರ ಮಾಡಿಕೊಳ್ಳಲಿಲ್ಲ.

"ಸರಿಯಾಗೇ ಹೇಳ್ದೆಯಪ್ಪ. ನಮ್ಮೂರಲ್ಲಿ ನೆಂಟ್ರು ಬಂದ್ರೆ 'ಊಟ ಮಾಡ್ತೀರೋ, ಹೊಟ್ಟೆ ಹಗುರ ಇಟ್ಕೊಂಡು ಮಲಗ್ತೀರೋ' ಅಂತ ಕೇಳ್ತಾರಂತೆ. ಅರವತ್ಮೂರು ವರ್ಷದಿಂದ ಜಿಪುಣರು ಅನ್ನೋ ಈ ಮಾತು ಕೇಳ್ತಾನೇ ಇದೀನಿ. ನಿನ್ನ ಕುದುರೆ ಹೆಸರೇನು?"

"ಸುಕ್ಕರ್."

"ಸಕ್ಕರೆನಾ! ನಂಗೂ ಅದೇ, ಹದಿನಾಲ್ಕು ವರ್ಷದಿಂದ."

ನೆಮತ್‌ಗೆ ನಗು ಬಂತು. ತಡೆದುಕೊಂಡಳು. ಮೊದಲ ಐದು ನಿಮಿಷದಲ್ಲೇ ನಕ್ಕರೆ ಸದರವಾಗುತ್ತದೆ.

ಗಾಡಿ ಕಡಲ ದಂಡೆಯ ರಸ್ತೆಗೆ ಹೊರಳಿತು. ಬಲಕ್ಕೆ ಹಳೆಯ ಬಂದರು ಅರ್ಧ ಚಂದ್ರನಂತೆ ಬಾಗಿಕೊಂಡಿತ್ತು. ನೀರು ಇನ್ನೂ ಕದಡಿದ ಬಣ್ಣದ್ದೇ. ಮೇಸ್ತ್ರಿ ಅವಳ ಕಡೆ ನೋಡಲಿಲ್ಲ, ಸಮುದ್ರದ ಕಡೆಗೂ ನೋಡಲಿಲ್ಲ. ಸಾರೋಟಿನ ಒಳಗೋಡೆಯ ಮೇಲೆ ಬೆರಳಾಡಿಸುತ್ತಿದ್ದ.

"ಬೀಚ್ ಜಾತಿ ಮರ" ಎಂದ. "ಕೂಡಿಸಿದವನು ಒಳ್ಳೆ ಕೆಲಸಗಾರ. ಬಣ್ಣ ಬಳಿದವನು ಕತ್ತೆ."

"ಕೇಳಿಸ್ತು!" ಎಂದ ಹಮೂದಾ ಮುಂದಿನಿಂದ. "ಬಳಿದವನು ನಾನೇ."

ನೆಮತ್ ಗಂಟಲು ಸರಿಮಾಡಿಕೊಂಡಳು. ಊರು ತೋರಿಸಲು ತಾನೆ ಬಂದದ್ದು, ತೋರಿಸಿಯೇ ಬಿಡೋಣ ಎನಿಸಿತು. "ಆ ಹಸಿರು ಕಿಟಕಿ ಮನೆ ನೋಡಿ. ಅಲ್ಲೊಬ್ಬ ಹಲ್ಲಿನ ಡಾಕ್ಟ್ರಿದ್ರು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಎಂಟೂ ಹತ್ತರ ಟ್ರಾಮು. ಒಂದಿನಾನೂ ಚಿಲ್ಲರೆ ತರ್ಲಿಲ್ಲ. ಅದರ ಪಕ್ಕದ್ದರಲ್ಲಿ ಅಕ್ಕ ತಂಗಿ ಇದ್ರು. ಹೆಂಗಸರ ಬೋಗೀಲಿ ಒಂದೇ ಸೀಟಲ್ಲಿ ಕೂರೋರು, ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಟಿಕೆಟ್ ಮಾತ್ರ ಒಬ್ಬಳೇ ಇಬ್ಬರಿಗೂ ತಗೊಳ್ಳೋಳು."

"ನಾನು ಮನೆ ನೋಡ್ತಿದೀನಿ, ನೀವು ಮನುಷ್ಯರನ್ನ ತೋರಿಸ್ತಿದೀರಿ."

"ಮನೆ ಟಿಕೆಟ್ ತಗೊಳ್ಳಲ್ವಲ್ಲ, ಮೇಸ್ತ್ರಿಗಳೇ."

ಈಗ ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ನೋಡಿ, ಡಬ್ಬಿ ಅವಳ ಕಡೆ ತಳ್ಳಿದ. "ಮಶಬ್ಬಕ್ ತಂದಿದೀನಿ, ನಮ್ಮೂರಿನ ಜಿಲೇಬಿ. ನೆನ್ನೆ ಬಸ್ಸಲ್ಲಿ ತರಿಸ್ದೆ. ನಮ್ಮನೆಯವಳು ಇದನ್ನ ಚಾಗೆ ಅದ್ದಿ ತಿಂತಾಳೆ."

"ತಿಂತಿದ್ರು" ಎಂದಳು ನೆಮತ್ ಮೆಲ್ಲಗೆ.

"ಹೌದು. ತಿಂತಿದ್ಲು." ಅವನು ಕೋಟಿನ ಗುಂಡಿ ತಿರುವಿದ. "ಮೂರು ವರ್ಷವಾಯ್ತು. ನಾಲಿಗೆ ಇನ್ನೂ ಕಲ್ತಿಲ್ಲ."

ಅಲ್ಲಿಂದ ಮುಂದೆ ಹೆಂಡತಿ ಮಾತಿಗೊಮ್ಮೆ ಬಂದಳು. ಮೀನಿಗೆ ಜೀರಿಗೆ ಜಾಸ್ತಿ ಹಾಕುತ್ತಿದ್ದವಳು, ಚಳಿಗೆ ಎರಡು ಸಾಕ್ಸು ಹಾಕಿಸುತ್ತಿದ್ದವಳು, ಜೋರು ಗಾಳಿ ಬಂದರೆ ಕುರಾನ್ ಓದುತ್ತಿದ್ದವಳು. ಮೂರನೇ ಸಲಕ್ಕೆ ಇನ್ಶಿರಾಹ್‌ಳ ಬೆನ್ನು ಸೆಟೆಯಿತು. ನಾಲ್ಕನೇ ಸಲಕ್ಕೆ ಅವಳು ಹಮೂದಾನಿಗೆ ಕೇಳುವಷ್ಟು ಪಿಸುಗುಟ್ಟಿದಳು, ಅಂದರೆ ಎಲ್ಲರಿಗೂ ಕೇಳಿತು: "ಈಯಪ್ಪ ಮದುವೆಗೆ ಬಂದಿದಾನೋ, ತಿಥಿಗೆ ಬಂದಿದಾನೋ?"

ನೆಮತ್ ತಾನು ಮನೆಯಲ್ಲೇ ಯೋಚಿಸಿ ತಂದಿದ್ದ ಪ್ರಶ್ನೆಗಳನ್ನು ತೆಗೆದಳು. ಟ್ರಾಮಿನಲ್ಲಿ ಟಿಕೆಟ್ ಇಲ್ಲದವನನ್ನು ವಿಚಾರಿಸುವ ದನಿಯೇ ಬಂದುಬಿಟ್ಟಿತು.

"ಸಕ್ಕರೆ ಎಷ್ಟಿದೆ?"

"ಊಟಕ್ಕೆ ಮುಂಚೆ ನೂರಾ ನಲವತ್ತು."

"ಗೊರಕೆ?"

"ಇದೆ. ಎಡಕ್ಕೆ ಹೊರಳಿದ್ರೆ ನಿಲ್ಲುತ್ತೆ ಅಂತಿದ್ಲು."

"ನಿಮ್ಮನ್ನ ನೋಡ್ಕೊಳ್ಳೋಕೆ ಆಳು ಬೇಕಾಗಿದ್ರೆ ನಾನಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಮಾವನ್ನ ನೋಡ್ಕೊಂಡೆ, ಅತ್ತೇನ ನೋಡ್ಕೊಂಡೆ, ಗಂಡನ್ನ ಎರಡು ವರ್ಷ ನೋಡ್ಕೊಂಡೆ. ನನ್ನ ಪಾಲಿಂದು ಮುಗೀತು."

"ಆಳು ಬೇಡ. ನನ್ನ ಬಟ್ಟೆ ನಾನೇ ಒಗೀತೀನಿ, ಸೂಜಿ ನಾನೇ ಚುಚ್ಕೋತೀನಿ."

"ಮತ್ತೆ ಏನ್ ಬೇಕು?"

"ಜೊತೇಲಿ ಕೂತು ಉಣ್ಣೋರು ಬೇಕು. ಮಗಳು ಒಳ್ಳೆಯೋಳೇ. ತಟ್ಟೆ ಮುಂದಿಟ್ಟು ಆಚೆ ಹೋಗಿ ಫೋನ್ ನೋಡ್ತಾಳೆ. ಮೊಮ್ಮಕ್ಕಳು ಟೀವಿ ಮುಂದೆ. ಗೋಡೆ ನೋಡ್ಕೊಂಡು ಉಂಡು ಉಂಡು ಗೋಡೆಯ ಬಿರುಕೆಲ್ಲ ಬಾಯಿಪಾಠವಾಗಿದೆ."

ರಸ್ತೆ ಬದಿಯಲ್ಲಿ ಗೆಣಸು ಸುಡುವ ಗಾಡಿ ಕಂಡಿತು. ನಿಲ್ಲಿಸಿ ನಾಲ್ಕು ಗೆಣಸು ತೆಗೆದುಕೊಂಡರು. ಮೇಸ್ತ್ರಿ ತನ್ನದರ ಅರ್ಧ ತಿನ್ನುವಷ್ಟರಲ್ಲಿ ಅವಳು ಉಳಿದರ್ಧವನ್ನು ಅವನ ಕೈಯಿಂದ ಕಿತ್ತು ಕಾಗದದಲ್ಲಿ ಸುತ್ತಿಟ್ಟಳು. ಸುತ್ತಿದ ಮೇಲೆ ತಾನೇನು ಮಾಡಿದೆನೆಂದು ಅರಿವಾಗಿ ಕಿವಿ ಬಿಸಿಯಾಯಿತು. ಆಳಲ್ಲ ಎಂದು ಎರಡು ನಿಮಿಷದ ಹಿಂದಷ್ಟೇ ಹೇಳಿದ್ದಳಲ್ಲ! ಅವನು ಬೆರಳು ಒರೆಸಿಕೊಂಡ.

ಕಾಯಿತ್‌ಬೇ ಕೋಟೆ ಬಂತು. ಗಾಳಿ ಇಲ್ಲಿ ಜೋರಾಗಿತ್ತು. ಕೋಟೆಯ ಬುಡದ ಬಂಡೆಗಳಿಗೆ ಅಲೆ ಬಡಿದು ನೀರು ರಸ್ತೆಯವರೆಗೂ ಹಾರುತ್ತಿತ್ತು. ಮೇಸ್ತ್ರಿ ಹಮೂದಾನ ಕಿವಿಯಲ್ಲೇನೋ ಕೇಳಿದ, ಹಮೂದಾ ಆ ಕಡೆ ಬೀದಿಗೆ ಕೈ ತೋರಿಸಿದ.

"ಐದು ನಿಮಿಷ. ಸಕ್ಕರೆಯವರ ಕಷ್ಟ ಗೊತ್ತಲ್ಲ" ಎಂದು ಮೇಸ್ತ್ರಿ ಇಳಿದು ಹೋದ.

ಐದು ನಿಮಿಷವಾಯಿತು, ಹತ್ತಾಯಿತು. ಹಮೂದಾ ಕುದುರೆಗೆ ಮೇವಿನ ಚೀಲ ಕಟ್ಟಿದ. ಹದಿನೈದಾಯಿತು.

"ಓಡಿಹೋದ" ಎಂದ ಹಮೂದಾ. "ನಂಗೊತ್ತಿತ್ತು. ಬಾಡಿಗೆ ಕೊಡೋ ಹೊತ್ತಿಗೆ ದಮ್ಯಾತಿನೋರಿಗೆ ಮೂತ್ರ ಬರತ್ತೆ."

"ಬಾಯ್ಮುಚ್ಚೋ. ಪ್ರಶ್ನೆ ಕೇಳಿ ಕೇಳಿ ಇವಳೇ ಓಡಿಸಿದಾಳೆ." ಇನ್ಶಿರಾಹ್ ನೆಮತ್‌ಳ ಕಡೆ ತಿರುಗಿದಳು. "ಗೊರಕೆ ಗಿರಕೆ ಎಲ್ಲ ಕೇಳ್ತಾರೇನೇ ಯಾರಾದ್ರೂ? ಪೊಲೀಸ್ ಠಾಣೆನಾ ಇದು?"

ಹೋದರೆ ಹೋಗಲಿ, ಒಳ್ಳೆಯದೇ ಆಯಿತು, ಟ್ರಾಮ್ ಹತ್ತಿ ಮನೆಗೆ ಹೋಗುತ್ತೇನೆ ಎಂದುಕೊಂಡಳು ನೆಮತ್. ಆದರೆ ಎದೆಯಲ್ಲಿ ಸಮಾಧಾನ ಹುಟ್ಟಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಬೇರೇನೋ ನೆನಪಾಯಿತು. ಮಧ್ಯಾಹ್ನ ಸರಿಯಾಗಿ ಉಂಡಿದ್ದನೋ ಇಲ್ಲವೋ, ಆ ಗೆಣಸಿನ ಅರ್ಧವನ್ನೂ ತಾನೇ ಕಿತ್ತುಕೊಂಡಿದ್ದಳು. ಸಕ್ಕರೆ ಇಳಿದು ಎಲ್ಲಾದರೂ ಕುಸಿದು ಕೂತಿದ್ದರೆ? ಅವಳ ಗಂಡ ಹಾಗೇ ಒಂದು ಸಲ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿದ್ದ.

"ನೋಡ್ಕೊಂಡು ಬರ್ತೀನಿ" ಎಂದು ಇಳಿದಳು.

ಬೀದಿಯ ಹೋಟೆಲಿನಲ್ಲಿ ಕೇಳಿದಳು. "ಉದ್ದನೆ ಮನುಷ್ಯ, ಬಿಳಿ ಮೀಸೆ? ಆಗ್ಲೇ ಹೋದ್ರಲ್ಲಮ್ಮ, ಅನ್ಫೂಶಿ ಕಡೆಗೆ." ಅವಳ ನಡಿಗೆ ಚುರುಕಾಯಿತು. ಮೀನಿನ ಬುಟ್ಟಿಗಳನ್ನೂ ಒಣಗಲು ಹರಡಿದ ಬಲೆಗಳನ್ನೂ ದಾಟಿದಳು. ಮುಂದೆ ದೋಣಿ ಕಟ್ಟುವ ಅಂಗಳ. ಅರ್ಧಂಬರ್ಧ ದೋಣಿಗಳು ಪಕ್ಕೆಲುಬು ತೋರಿಸಿಕೊಂಡು ದಡದಲ್ಲಿ ನಿಂತಿದ್ದವು. ಶುಕ್ರವಾರವಾದ್ದರಿಂದ ಅಂಗಳ ಖಾಲಿ. ಒಂದು ದೋಣಿಯ ಹತ್ತಿರ ಮಾತ್ರ ಇಬ್ಬರು ಕೆಲಸದಲ್ಲಿದ್ದರು, ಬಿರುಗಾಳಿಗೆ ಒಡೆದ ಹಲಗೆಯನ್ನು ಬದಲಿಸುತ್ತಿದ್ದರು.

ಇಬ್ಬರಲ್ಲ, ಮೂವರು. ಮೂರನೆಯವನ ಹೊಸ ಕೋಟು ಒಂದು ಗೂಟಕ್ಕೆ ತೂಗುತ್ತಿತ್ತು.

ಮೇಸ್ತ್ರಿ ತೋಳು ಮಡಿಸಿ, ಮೊಣಕಾಲೂರಿ, ಹಿಪ್ಪುನೇರಳೆ ಮರದ ತುಂಡೊಂದನ್ನು ಬಾಚಿಯಿಂದ ಸವರುತ್ತಿದ್ದ. ಸಾರೋಟಿನಲ್ಲಿ ಕೋಟಿನ ಗುಂಡಿ ತಿರುವುತ್ತ ಕೂತಿದ್ದವನು ಇವನೇ ಎಂದು ಹೇಳುವಂತಿರಲಿಲ್ಲ. ಬೆನ್ನಿನ ಬಾಗು ಈ ಕೆಲಸಕ್ಕೆಂದೇ ಮಾಡಿಸಿದಂತಿತ್ತು. ಬಾಚಿ ಬಿದ್ದಲ್ಲಿ ಬಿಲ್ಲೆಯಂಥ ಚಕ್ಕೆಗಳು ಒಂದೇ ದಪ್ಪಕ್ಕೆ ಏಳುತ್ತಿದ್ದವು. ನಡುನಡುವೆ ನಿಲ್ಲಿಸಿ ಹೆಬ್ಬೆರಳಿನಿಂದ ಮುಟ್ಟಿ ನೋಡುವನು, ಒಂದು ಕಣ್ಣು ಮುಚ್ಚಿ ಅಂಚು ನೋಡುವನು, ಮತ್ತೆ ಎರಡೇಟು. ಅಂಗಳದ ಕೆಲಸಗಾರರಿಬ್ಬರೂ ತಮ್ಮ ಕೆಲಸ ಬಿಟ್ಟು ಅವನ ಕೈ ನೋಡುತ್ತಿದ್ದರು.

ನೆಮತ್ ಬೈಯಲೆಂದು ಬಂದವಳು ಹಾಗೇ ನಿಂತಳು. ಎಷ್ಟು ಹೊತ್ತು ನಿಂತಳೋ. ಅಂಗಳದ ಯಜಮಾನ ಅವಳನ್ನು ಕಂಡು ಹತ್ತಿರ ಬಂದ.

"ಏನಮ್ಮಾ, ಇವರು ನಿಮ್ಮನೆಯವ್ರಾ?"

"ಇನ್ನೂ ಇಲ್ಲ" ಎಂದುಬಿಟ್ಟಳು.

ಬಾಯಿಂದ ಜಾರಿದ ಮಾತು. ಯಜಮಾನ ಹುಬ್ಬೇರಿಸಿ, ನಗು ನುಂಗಿಕೊಂಡು ಆಚೆ ಹೋದ. ಮೇಸ್ತ್ರಿ ತಲೆಯೆತ್ತಿದ. ಅವಳನ್ನು ಕಂಡದ್ದೇ ಶಾಲೆ ತಪ್ಪಿಸಿ ಸಿಕ್ಕಿಬಿದ್ದವನಂತೆ ಎದ್ದು ನಿಂತ. ಮೀಸೆಯ ತುಂಬ ಮರದ ಪುಡಿ.

"ಹೆಣ್ಣು ನೋಡೋಕೆ ಬಂದು ಮರ ನೋಡ್ತಾ ಕೂತಿದೀರಲ್ಲ, ಮೇಸ್ತ್ರಿಗಳೇ! ಎಲ್ಲೋ ಬಿದ್ದಿದೀರೇನೋ ಅಂತ ಜೀವ ಬಾಯಿಗೆ ಬಂದಿತ್ತು."

"ತಪ್ಪಾಯ್ತು. ತಪ್ಪಾಯ್ತಮ್ಮ. ಈ ಕಡೆಯಿಂದ ಬಾಚಿ ಶಬ್ದ ಕೇಳಿಸ್ತು. ಒಂದು ನಿಮಿಷ ನೋಡಿ ಬರೋಣ ಅಂತ ಬಂದೆ. ಇವರು ಹಲಗೇನ ಎಳೆಗೆ ಎದುರಾಗಿ ಕೊಯ್ತಿದ್ರು, ನೋಡೋಕಾಗ್ಲಿಲ್ಲ." ಕೈ ಮುಂದೆ ಹಿಡಿದು ತಾನೇ ಅಚ್ಚರಿಯಿಂದ ನೋಡಿಕೊಂಡ. "ಆರು ತಿಂಗಳಾಯ್ತು ಮರ ಮುಟ್ಟಿ. ಕಾರ್ಖಾನೆ ಮುಚ್ಚಿ ಉಳಿ, ಕೀಸುಳಿ ಎಲ್ಲ ಮಾರಿದ್ವು. ಮಗಳ ಮನೇಲಿ ಚಾ ಲೋಟ ಹಿಡಿದ್ರೆ ಈ ಕೈ ನಡುಗ್ತಿತ್ತು. ವಯಸ್ಸಾಯ್ತು ಅಂದ್ಕೊಂಡಿದ್ದೆ. ನೋಡಿ, ಈಗ ನಡುಗ್ತಿಲ್ಲ."

ನಿಜ, ನಡುಗುತ್ತಿರಲಿಲ್ಲ. ನೆಮತ್ ಚೀಲದಿಂದ ಗೆಣಸಿನ ಪೊಟ್ಟಣ ತೆಗೆದು ಕೊಟ್ಟಳು. "ಮೊದ್ಲು ಇದನ್ನ ತಿನ್ನಿ. ಆಮೇಲೆ ಮಾತು."

ಅವನು ನಿಂತಲ್ಲೇ ತಿಂದ. ಅವಳು ಗೂಟದಿಂದ ಕೋಟು ತೆಗೆದು ಕೊಡವಿ ಕೊಟ್ಟಳು. ಹೊರಡುವಾಗ ಯಜಮಾನ ಕೂಗಿ ಹೇಳಿದ, "ನಾಳೆ ಬನ್ನಿ ಮೇಸ್ತ್ರಿಗಳೇ! ಕೂಲಿಗಲ್ಲದಿದ್ರೂ ಚಾಗಾದ್ರೂ ಬನ್ನಿ!"

ಸಾರೋಟಿನ ಹತ್ತಿರ ಬಂದಾಗ ಇನ್ಶಿರಾಹ್ ಏನೋ ಹೇಳಲು ಬಾಯಿ ತೆರೆದಳು. ಇಬ್ಬರ ಮುಖ ನೋಡಿ, ಅಪರೂಪಕ್ಕೆ, ಮುಚ್ಚಿಕೊಂಡಳು.

ಗಾಡಿ ಬಹರಿ ಕೇರಿಯ ಒಳಬೀದಿಗಳಲ್ಲಿ ಹೊರಟಿತು. ಅಬುಲ್ ಅಬ್ಬಾಸ್ ಮಸೀದಿಯ ಮುಂದೆ ಮಕ್ಕಳು ಬಲೂನು ಹಿಡಿದು ಓಡುತ್ತಿದ್ದರು. ಯಾವುದೋ ಅಟ್ಟದಿಂದ ಪಾರಿವಾಳದ ಹಿಂಡೆದ್ದು ಮಿನಾರುಗಳ ಸುತ್ತ ಸುತ್ತಿತು. ಈಗ ಮಾತಾಡಿದವಳು ನೆಮತ್. ಯಾರೂ ಕೇಳದೆ, ತಾನಾಗಿಯೇ.

"ಟ್ರಾಮಲ್ಲಿ ದಿನಕ್ಕೆ ಸಾವಿರ ಜನ ನನ್ನ ಮುಖ ನೋಡೋರು. ನಿವೃತ್ತಿ ಆದ ಮಾರನೇ ದಿನ ಎದ್ದು ಕಿಟಕಿ ಹತ್ರ ಕೂತೆ. ಸಂಜೆವರೆಗೂ ಒಂದು ಮಾತಾಡಿರ್ಲಿಲ್ಲ. ಗಂಟಲು ಇದೆಯೋ ಇಲ್ವೋ ನೋಡೋಣ ಅಂತ ಒಬ್ಬಳೇ 'ಟಿಕೆಟ್, ಟಿಕೆಟ್' ಅಂದೆ. ಹುಚ್ಚಿ ಥರ."

"ಹುಚ್ಚಲ್ಲ" ಎಂದ ಮೇಸ್ತ್ರಿ. "ನಾನು ಸೊಪ್ಪು ಹೆಚ್ಚೋ ಮಣೆ ಮೇಲೆ ಹೂ ಕೆತ್ತೋಕೆ ಹೋಗಿ ಮಗಳ ಹತ್ರ ಬೈಸ್ಕೊಂಡೆ. ಕೆತ್ತಿದ್ದೂ ಅಡಿಗೆ ಚಾಕುನಲ್ಲಿ."

ಅವಳು ನಕ್ಕಳು. ಸದರದ ಯೋಚನೆ ಈಗ ಬರಲಿಲ್ಲ.

"ನಿಮ್ಮ ಯಜಮಾನ್ರು ಹೇಗಿದ್ರು?" ಎಂದು ಅವನು ಕೇಳಿದ.

ನೆಮತ್ ಮುಂದೆ ಕೂತವಳ ಬೆನ್ನು ನೋಡಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಳ್ಳೆಯೋರು. ಒಂದು ದಿನ ಕೈ ಎತ್ತಲಿಲ್ಲ, ಒಂದು ಕೆಟ್ಟ ಮಾತಾಡ್ಲಿಲ್ಲ. ಒಳ್ಳೆ ಮಾತೂ ಆಡ್ಲಿಲ್ಲ. ಮಾತೇ ಆಡ್ತಿರ್ಲಿಲ್ಲ. ಇಪ್ಪತ್ತೆಂಟು ವರ್ಷ ಅವರ ಮನಸ್ಸಲ್ಲಿ ಏನಿದೆ ಅಂತ ಅಂದಾಜಿನ ಮೇಲೇ ಸಂಸಾರ ಮಾಡ್ದೆ."

ಮುಂದಿನ ಸೀಟಿನಿಂದ ಇನ್ಶಿರಾಹ್ ತಿರುಗದೆಯೇ ಹೇಳಿದಳು, "ನಮ್ಮಪ್ಪನೂ ಹಾಗೇ ಇದ್ದ. ಗಂಡಸರೆಲ್ಲ ಬಾಯಿಗೆ ಬೀಗ. ಅವರೆಲ್ಲರ ಪಾಲಿಂದೂ ನಂಗೇ ಬಂತು." ಒಂದು ಉಸಿರು ಬಿಟ್ಟು ಸೇರಿಸಿದಳು, "ಸಾಯೋ ಹಿಂದಿನ ವಾರ ತಮ್ಮ ನನ್ನ ಹತ್ರ ಅಂದ, 'ನೆಮತ್ ನನ್ನ ಜೊತೆ ಬೇಜಾರು ಪಟ್ಕೊಂಡು ಬದುಕಿದಳು, ಅಕ್ಕಾ' ಅಂತ. ನಿಂಗೆ ಹೇಳಿರ್ಲಿಲ್ಲ. ಹೇಳಿದ್ರೆ ಅಳ್ತೀಯ ಅಂತ."

ನೆಮತ್ ಅಳಲಿಲ್ಲ. ಅವನಿಗೆ ಗೊತ್ತಿತ್ತೇ ಹಾಗಾದರೆ ಎಂದುಕೊಂಡಳು. ಗೊತ್ತಿತ್ತು ಎಂಬುದೇ ಏನೋ ಒಂದು ಬಗೆಯ ಮಾತಿನಂತೆ ಕೇಳಿಸಿತು, ತಡವಾಗಿ ತಲುಪಿದ ಮಾತು. ಅವಳು ಕೈ ಚಾಚಿ ಇನ್ಶಿರಾಹ್‌ಳ ಭುಜ ಒತ್ತಿದಳು. ಮೇಸ್ತ್ರಿ ಮುಖ ತಿರುಗಿಸಿ ಅಂಗಡಿ ಬೀದಿ ನೋಡುತ್ತ ಕೂತ. ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ನಡತೆ ಇರಲಿಲ್ಲ.

ಮನ್ಶಿಯಾ ಚೌಕ ದಾಟಿ ರಮ್ಲ್ ಸ್ಟೇಷನ್ ಮುಟ್ಟಿದಾಗ ಹೊರಟು ಒಂದೂಮುಕ್ಕಾಲು ಗಂಟೆಯಾಗಿತ್ತು. ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಹಮೂದಾ ಹೆಚ್ಚಿನ ಹೊತ್ತಿಗೆ ಏನೂ ಕೇಳಲಿಲ್ಲ. ಮೇಸ್ತ್ರಿ ತಾನಾಗಿಯೇ ಕೊಟ್ಟ. ಹಮೂದಾ ನೋಟಿಗೆ ಮುತ್ತಿಟ್ಟು ಹಣೆಗೊತ್ತಿಕೊಂಡು, "ಇದನ್ನ ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ. ದಮ್ಯಾತಿನೋರು ಕೊಟ್ಟಿದ್ದು ಅಂದ್ರೆ ಯಾರೂ ನಂಬಲ್ಲ" ಎಂದ.

ಮೇಸ್ತ್ರಿ ಇಳಿದು ನಿಂತ. ಕೋಟಿನ ಗುಂಡಿಗೆ ಕೈ ಹಾಕಿದ.

"ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ" ಎಂದಳು ನೆಮತ್. "ನನ್ನ ಮಗ ಇರ್ತಾನೆ. ಮುಖ ಊದಿಸ್ಕೊಂಡಿರ್ತಾನೆ, ಗಮನಕ್ಕೆ ತಗೋಬೇಡಿ. ಮತ್ತೆ ನೋಡಿ, ನಾನು ನನ್ನ ಮನೆ ಬಿಟ್ಟು ಬರಲ್ಲ. ಬಾಲ್ಕನಿ ದೊಡ್ಡದಿದೆ, ಒಂದು ಕೆಲಸದ ಮೇಜು ಹಿಡಿಸತ್ತೆ. ನಿಮ್ಮನೆಯವರ ಮಾತು ಆಡ್ಬೇಡಿ ಅಂತ ನಾನು ಹೇಳಲ್ಲ, ಆಡಿ. ಆದ್ರೆ ನನ್ನ ಮೀನಿಗೆ ಜೀರಿಗೆ ಎಷ್ಟು ಅಂತ ಹೇಳ್ಕೊಡೋಕೆ ಬರಬೇಡಿ."

"ಜೀರಿಗೆ ವಿಷಯ ಎತ್ತೋದೇ ಇಲ್ಲ."

"ನೋಡೋಣ" ಎಂದು ಅವಳು ಡಬ್ಬಿ ಎತ್ತಿಕೊಂಡು ಇನ್ಶಿರಾಹ್‌ಳ ಕೈ ಹಿಡಿದು ನಡೆದಳು.

ರಂಜಾನ್ ಕಳೆದು ಹಬ್ಬವಾದ ಎರಡನೇ ವಾರ ನಿಕಾಹ್ ಆಯಿತು. ಹತ್ತು ಜನ, ಶರಬತ್ತು, ಅಷ್ಟೇ. ವಾಇಲ್ ಬಂದ. ಸಾಕ್ಷಿಗೆ ಸಹಿ ಹಾಕಿದ. ಮೇಸ್ತ್ರಿಯ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಆಮೇಲೂ ಮೂರು ವಾರ ಆಡಲಿಲ್ಲ. ಮೇಸ್ತ್ರಿ ವಾರಕ್ಕೆ ಮೂರು ದಿನ ಅನ್ಫೂಶಿಯ ಅಂಗಳಕ್ಕೆ ಹೋಗಲು ಶುರುಮಾಡಿದ್ದ. ಅಲ್ಲಿಯ ಯಜಮಾನ ಹಳೆಯದೊಂದು ಕೆಲಸದ ಮೇಜು ಕೊಟ್ಟ. ಕೈಗಾಡಿಯಲ್ಲಿ ತಂದು ಕಟ್ಟಡದ ಬಾಗಿಲಿಗೆ ಇಳಿಸಿಹೋದರು. ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.

ಮೇಸ್ತ್ರಿ ಒಬ್ಬನೇ ಮೇಜಿನ ಒಂದು ತುದಿ ಎತ್ತಿ ನೋಡುತ್ತಿದ್ದಾಗ ವಾಇಲ್ ಕೆಲಸ ಮುಗಿಸಿ ಆ ದಾರಿಯಲ್ಲಿ ಬಂದ. ನಿಂತ. ಅತ್ತಿತ್ತ ನೋಡಿದ. ಆಮೇಲೆ ಚೀಲ ಕೆಳಗಿಟ್ಟು ಇನ್ನೊಂದು ತುದಿ ಹಿಡಿದ. ಮಹಡಿಗೊಮ್ಮೆ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿ, ಮೂರನೇ ತಿರುವಿನಲ್ಲಿ ಗೋಡೆಯ ಸುಣ್ಣ ಕೆರೆದು, "ಸ್ವಲ್ಪ ನಿಮ್ಮ ಕಡೆ ಓರೆ ಮಾಡಿ" "ಆಯ್ತು, ಎತ್ತು" ಎನ್ನುತ್ತ ಬೆವರಿಳಿಸಿಕೊಂಡು ಬಾಲ್ಕನಿಗೆ ಮುಟ್ಟಿಸಿದರು. ನೆಮತ್ ಎರಡು ಲೋಟ ಚಾ ತಂದಿಟ್ಟಳು, ಒಂದಕ್ಕೆ ಸಕ್ಕರೆ ಹಾಕಿ, ಒಂದಕ್ಕೆ ಹಾಕದೆ. ತಾನು ಅಲ್ಲಿ ನಿಲ್ಲಲಿಲ್ಲ.

ಅಡಿಗೆಮನೆಯಿಂದ ಅವಳಿಗೆ ಮಗನ ದನಿ ಕೇಳಿಸಿತು. "ಈ ಮನೆ ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಕೊಂಡು ಸಿಕ್ಕಾಕೊಳ್ಳುತ್ತೆ. ನೀವು ನೋಡಿದ್ರಾ?"

"ನೋಡಿದೆ. ಕೆಳಗಡೆ ಅರ್ಧ ಬೆರಳು ಕೀಸ್ಬೇಕು. ಒಬ್ಬನೇ ಬಾಗಿಲು ಕಳಚೋಕಾಗಲ್ಲ."

"ನಾಳೆ ಆರು ಗಂಟೆಗೆ ಬರ್ತೀನಿ" ಎಂದ ವಾಇಲ್.